ಫಾರ್ಮ್ಯಾಟ್ ಮಾಡಿಸುವ ಮೊದಲು ಆ ಪಟ್ಟಿ ನೋಡಿ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 10 ಇದೆ. ಪಾಸ್‌ವರ್ಡ್ ಹಾಕಿದ ಮೇಲೆ ಪರದೆಯೇನೋ ಬರುತ್ತದೆ, ಆದರೆ ಐದಾರು ನಿಮಿಷ ಏನು ಒತ್ತಿದರೂ ಮಿಸುಕಾಡುವುದಿಲ್ಲ. ಒಬ್ಬರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಸ್ಟಾರ್ಟ್‌ಅಪ್‌ನಲ್ಲಿರುವುದನ್ನೆಲ್ಲ ನಿಲ್ಲಿಸಿಬಿಡಿ ಎನ್ನುತ್ತಾರೆ. ಏನಾದರೂ ಕೆಟ್ಟೀತೆಂಬ ಭಯ ನನಗೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಈ ಸಲಹೆಯನ್ನು ಜನ ಇಷ್ಟು ಸಲೀಸಾಗಿ ಕೊಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಫೋಟೊ, ಕಡತಗಳನ್ನು ಅಪಾಯಕ್ಕೊಡ್ಡಿ, ಆಮೇಲೆ ಅವೇ ಪ್ರೋಗ್ರಾಂಗಳನ್ನು ಮತ್ತೆ ಹಾಕಿಕೊಂಡರೆ ಕೆಲವೇ ತಿಂಗಳಲ್ಲಿ ಅದೇ ಸ್ಥಿತಿಗೆ ಬಂದು ನಿಲ್ಲುತ್ತೀರಿ.

‘ಪಾಸ್‌ವರ್ಡ್ ಹಾಕಿದ ಮೇಲೆ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಗುಂಡಿ ಒತ್ತಿದಲ್ಲಿಂದ ಪಾಸ್‌ವರ್ಡ್ ಕೇಳುವವರೆಗಿನ ವಿಳಂಬಕ್ಕೆ ಫರ್ಮ್‌ವೇರ್ (ಯಂತ್ರವನ್ನು ಮೊದಲು ಎಬ್ಬಿಸುವ ಒಳತಂತ್ರಾಂಶ), ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ), ಡಿಸ್ಕ್‌ಗಳನ್ನು ನೋಡಬೇಕು. ಅದರ ನಂತರದ ವಿಳಂಬಕ್ಕೆ ಹೆಚ್ಚಾಗಿ ಕಾರಣವಾಗುವುದು, ನೀವು ಒಳಗೆ ಬಂದ ಕೂಡಲೇ ತಾವಾಗಿಯೇ ಚಾಲೂ ಆಗುವ ಪ್ರೋಗ್ರಾಂಗಳು. ಅವುಗಳ ಪಟ್ಟಿ ನಿಮ್ಮ ಕೈಗೆಟಕುವಲ್ಲೇ ಇದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕ ಕಿಟಕಿ ಬಂದರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ, ನಂತರ ‘ಸ್ಟಾರ್ಟ್‌ಅಪ್’ಗೆ ಹೋಗಿ. ವಿಂಡೋಸ್ 11 ಇರುವವರಿಗೆ ಇದು ಎಡಬದಿಯ ಸಾಲಿನಲ್ಲಿ ‘ಸ್ಟಾರ್ಟ್‌ಅಪ್ ಆಪ್ಸ್’ ಎಂದು ಸಿಗುತ್ತದೆ. ಪ್ರತಿ ಹೆಸರಿನ ಮುಂದೆ ತಯಾರಕರು ಯಾರು, ಚಾಲೂ ಇದೆಯೋ ಇಲ್ಲವೋ, ಆರಂಭದ ಮೇಲೆ ಅದರ ಹೊರೆ ಎಷ್ಟು ಎಂಬುದೆಲ್ಲ ಇರುತ್ತದೆ. ಈ ಕೊನೆಯ ಅಂಕಣದಲ್ಲಿ ‘ಹೈ’ ಎಂದಿದ್ದರೆ ಆ ಪ್ರೋಗ್ರಾಂ ಆರಂಭದಲ್ಲಿ ಪ್ರೊಸೆಸರಿನ 1 ಸೆಕೆಂಡಿಗಿಂತ ಹೆಚ್ಚು ಸಮಯವನ್ನೋ, ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದು-ಬರಹವನ್ನೋ ಬಳಸಿದೆ ಎಂದರ್ಥ. ಅಂಕಣದ ತಲೆಯ ಮೇಲೆ ಒತ್ತಿದರೆ ಇಂಥವೆಲ್ಲ ಒಂದೆಡೆ ಸೇರುತ್ತವೆ.

ಆದರೆ ‘ಹೈ’ ಎಂದ ಮಾತ್ರಕ್ಕೆ ನಿಲ್ಲಿಸಬೇಕೆಂದಿಲ್ಲ. ಈ ಪ್ರೋಗ್ರಾಂ ನಾನು ಕರೆಯುವ ಮೊದಲೇ ಎದ್ದಿರಬೇಕೇ ಎಂದು ಕೇಳಿಕೊಳ್ಳಿ. ವಿಡಿಯೊ ಕರೆಯದು, ಸಂಗೀತದ್ದು, ಆಟಗಳದ್ದು, ಅಪ್‌ಡೇಟ್ ಹುಡುಕುವ ಸಹಾಯಕಗಳು: ಇವು ಬೇಕಾದಾಗ ತೆರೆದರೆ ಸಾಕು. ಆಂಟಿವೈರಸ್, ಟಚ್‌ಪ್ಯಾಡ್, ಧ್ವನಿಗೆ ಸಂಬಂಧಿಸಿದವುಗಳನ್ನು ಬಿಡಿ. ಟೈಪ್ ಮಾಡಲು ಪ್ರತ್ಯೇಕ ಕೀಲಿಮಣೆ ತಂತ್ರಾಂಶ ಬಳಸುತ್ತಿದ್ದರೆ ಅದನ್ನೂ ಮುಟ್ಟಬೇಡಿ. ಒನ್‌ಡ್ರೈವ್‌ನಂಥ ಸಿಂಕ್ ಪ್ರೋಗ್ರಾಂಗಳ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಅದು ಹೊರೆಯೇ ಹೌದು. ಆದರೆ ನಿಲ್ಲಿಸಿದರೆ, ನೀವಾಗಿ ತೆರೆಯುವವರೆಗೆ ನಿಮ್ಮ ಹೊಸ ಕಡತ ಇನ್ನೊಂದು ಯಂತ್ರಕ್ಕೆ ತಲುಪುವುದಿಲ್ಲ. ಎರಡು ಕಡೆ ಕೆಲಸ ಮಾಡುವವರು ಅದನ್ನು ಇಟ್ಟುಕೊಳ್ಳುವುದೇ ಮೇಲು.

ತಯಾರಕರ ಹೆಸರಿಲ್ಲದೆ ಬರೀ ‘ಪ್ರೋಗ್ರಾಂ’ ಎಂದಷ್ಟೇ ಇರುವ ಸಾಲು ಕಂಡರೆ ಗಾಬರಿ ಬೇಡ. ಎಂದೋ ತೆಗೆದುಹಾಕಿದ ತಂತ್ರಾಂಶದ ಉಳಿಕೆ ಹೀಗೆ ಕಾಣಿಸಿಕೊಳ್ಳುವುದುಂಟು. ಅಪರಿಚಿತ ಹೆಸರಿದ್ದರೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಿ. ಯಾವ ಫೋಲ್ಡರಿನಿಂದ ಬಂದಿದೆ ಎಂಬುದೇ ಹಲವು ಸಲ ಗುರುತು ಹೇಳುತ್ತದೆ.

ನಿಲ್ಲಿಸಲು ‘ಡಿಸೇಬಲ್’ ಒತ್ತಿದರಾಯಿತು. ಇದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ತಾನಾಗಿ ಏಳುವುದಷ್ಟೇ ನಿಲ್ಲುತ್ತದೆ. ಬೇಕೆನಿಸಿದರೆ ಅಲ್ಲೇ ‘ಎನೇಬಲ್’ ಮಾಡಬಹುದು. ಹಾಗಾಗಿ ನಿಮ್ಮ ಭಯಕ್ಕೆ ಕಾರಣವಿಲ್ಲ. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮರುದಿನ ಏನೋ ಒಂದು ಕೆಲಸ ಮಾಡದಿದ್ದರೆ ಯಾವುದರಿಂದ ಎಂದು ತಿಳಿಯದೆ ಒದ್ದಾಡುತ್ತೀರಿ. ಎರಡು ಮೂರನ್ನು ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ನಿಲ್ಲಿಸಿದ ಪ್ರೋಗ್ರಾಂ ಕೆಲವು ದಿನಗಳಲ್ಲಿ ಮತ್ತೆ ಪಟ್ಟಿ ಸೇರಿದರೆ ಅದರದೇ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿ ಆರಂಭವಾಗುವ ಆಯ್ಕೆಯನ್ನು ತೆಗೆಯಿರಿ.

ಇಷ್ಟಾದರೂ ಬದಲಾಗದಿದ್ದರೆ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕ್ ನೋಡಿ. ಅಲ್ಲಿ ‘ಎಚ್‌ಡಿಡಿ’ ಎಂದಿದ್ದು, ಆರಂಭದ ನಿಮಿಷಗಳಲ್ಲಿ 100%ಕ್ಕೆ ಅಂಟಿಕೊಂಡಿದ್ದರೆ ಅಡಚಣೆ ಅದೇ. ತಿರುಗುವ ಹಾರ್ಡ್ ಡಿಸ್ಕಿನ ಓದುತಲೆ ಚದುರಿದ ಸಣ್ಣ ಕಡತಗಳಿಗಾಗಿ ಅತ್ತಿಂದಿತ್ತ ಓಡಾಡಬೇಕು, ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಓದು ಮಾತ್ರ ಸಾಧ್ಯ. ಲಾಗಿನ್ ಆದ ಕ್ಷಣದಲ್ಲಿ ಹತ್ತಾರು ಪ್ರೋಗ್ರಾಂಗಳು ಕೇಳುವುದು ಇಂಥ ಓದನ್ನೇ. ಹಾರ್ಡ್ ಡಿಸ್ಕಿನ ಬದಲು ಹಾಕಬಹುದಾದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ; ಸಾಮಾನ್ಯವಾದದ್ದೂ ಸೆಕೆಂಡಿಗೆ ಹತ್ತಾರು ಸಾವಿರ ಓದನ್ನು ನಿಭಾಯಿಸುತ್ತದೆ. ಹಳೆಯ ಯಂತ್ರಕ್ಕೆ ಹಣ ಹಾಕುವುದೇ ಆದರೆ ಮೊದಲು ಇದಕ್ಕೆ ಹಾಕಿ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಪ್ರಶ್ನೆ: ಪ್ರತಿ ರಾತ್ರಿ ಶಟ್‌ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರಿನಲ್ಲಿ ‘ಅಪ್ ಟೈಮ್’, ಅಂದರೆ ಯಂತ್ರ ಸತತವಾಗಿ ಚಾಲೂ ಇರುವ ಅವಧಿ, ಹಲವು ದಿನ ಎಂದು ತೋರಿಸುತ್ತದೆ. ಯಂತ್ರ ಕೆಟ್ಟಿದೆಯೇ?

ಉತ್ತರ: ಇಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬ ವ್ಯವಸ್ಥೆಯಿದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿಯುತ್ತದೆ, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಹಾಗಾಗಿ ದಿನಗಳ ಲೆಕ್ಕ ನಿಲ್ಲುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಮೇಲಿನ ಉತ್ತರದಲ್ಲಿ ರೀಸ್ಟಾರ್ಟ್ ಎಂದೇ ಬರೆದದ್ದು ಇದಕ್ಕಾಗಿ. ಡ್ರೈವರ್ ತೊಂದರೆ ಕೊಡುತ್ತಿದ್ದಾಗ, ಹೊಸದನ್ನು ಹಾಕಿದಾಗ ಶಟ್‌ಡೌನ್ ಸಾಲದು, ರೀಸ್ಟಾರ್ಟನ್ನೇ ಮಾಡಿ.