ಮೈ ಸರಿಯಾಗಿದೆ, ಇಂಜೆಕ್ಷನ್ ಇನ್ನೂ ಯಾಕೆ?

ನನ್ನ ಹತ್ತಿರ ಸಲಹೆಗೆ ಬಂದ ಮಹಿಳೆಯೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 34, ಮದುವೆಯಾಗಿದೆ. ಚಿಕ್ಕಂದಿನಿಂದ ತೀವ್ರ ಎಕ್ಸಿಮಾ, ಅಂದರೆ ಚರ್ಮ ಉರಿದು ತುರಿಸುವ ಕಾಯಿಲೆ. ಮುಲಾಮು, ಸ್ಟೀರಾಯ್ಡ್ ಮಾತ್ರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೊರಿನ್ ಎಲ್ಲ ಆದ ಮೇಲೆ ಮೂರು ವರ್ಷದ ಹಿಂದೆ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಶುರು ಮಾಡಿದ್ದರು. ಮೊದಲ ಸಲ 600 ಮಿಲಿಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ 300. ತುರಿಕೆ ಇಳಿಯಿತು, ನಿದ್ದೆ ಬಂತು, ಮೈ ತಿಳಿಯಾಯಿತು.

ನನ್ನ ಹತ್ತಿರ ಬಂದ ಕಾರಣ ಬೇರೆ. ವೈದ್ಯರಿಗೆ ಹೇಳದೆ ಡೋಸ್ ತಪ್ಪಿಸುತ್ತಿದ್ದರು.

"ಮೈ ಮೇಲೆ ಏನೂ ಇಲ್ಲ. ಸೂಜಿ ಕೈಗೆ ತಗೊಂಡಾಗ ಮಾತ್ರ ನಾನು ರೋಗಿ ಅಂತ ನೆನಪಾಗುತ್ತೆ" ಎಂದರು. ಮನೆಯಲ್ಲಿ ಗಂಡ, "ಎಷ್ಟು ವರ್ಷ ಅಂತ ತಗೋತೀಯ? ಅದೇ ಅಭ್ಯಾಸ ಆಗಿಬಿಡುತ್ತೆ" ಅನ್ನುತ್ತಿದ್ದರಂತೆ.

ಮಾತಾಡುತ್ತಾ ಹೋದಂತೆ ಇನ್ನೊಂದು ವಿಷಯ ಹೊರಬಂತು. ಕೆಲವು ತಿಂಗಳಿಂದ ಕಣ್ಣು ಕೆಂಪಗಾಗಿ ಮರಳು ಬಿದ್ದಂತೆ ಚುಚ್ಚುತ್ತಿತ್ತು. ಅದನ್ನೂ ವೈದ್ಯರಿಗೆ ಹೇಳಿರಲಿಲ್ಲ. ಯಾಕೆ? ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಒಂದು ಕಡೆ ತಾವೇ ಡೋಸ್ ಬಿಡುತ್ತಾರೆ, ಇನ್ನೊಂದು ಕಡೆ ಯಾರಾದರೂ ಅದನ್ನು ಕಿತ್ತುಕೊಂಡಾರು ಎಂದು ಹೆದರುತ್ತಾರೆ. ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ಎಷ್ಟೋ ವರ್ಷ ಬಿಳಿ ಬಟ್ಟೆ ಹಾಕಿದರೆ ರಕ್ತದ ಕಲೆ, ಕಪ್ಪು ಹಾಕಿದರೆ ಉದುರಿದ ಹೊಟ್ಟು ಎಂದು ಲೆಕ್ಕ ಹಾಕಿ ಬದುಕಿದವರು ಅವರು. ಚರ್ಮ ಬೇಗ ಬದಲಾಯಿತು, ಮನಸ್ಸಿಗೆ ಆ ವೇಗ ಸಿಗಲಿಲ್ಲ. ಈಗಲೂ ರಾತ್ರಿ ಎದ್ದು ಮೊಣಕೈ ಮಡಿಕೆ ಮುಟ್ಟಿ ನೋಡುತ್ತಾರೆ. ಮಡಿಕೆ ಒರಟಾಗಿದ್ದರೆ ಆ ರಾತ್ರಿ ನಿದ್ದೆ ಇಲ್ಲ.

ಮೊದಲು 'ಅಭ್ಯಾಸ'ದ ಮಾತು ತೆಗೆದುಕೊಂಡೆವು. ಈ ಔಷಧ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಉರಿಯೂತದ ಸಂಕೇತಗಳನ್ನು ತಡೆಯುತ್ತದೆ. ರೋಗದ ಒಲವನ್ನೇ ಅಳಿಸುವುದಿಲ್ಲ. ಹಾಗಾಗಿ ಬಿಟ್ಟರೆ ಹಲವರಿಗೆ ಎಕ್ಸಿಮಾ ಮರಳುತ್ತದೆ. ಕನ್ನಡಕ ತೆಗೆದಾಗ ಮಸುಕಾಗುವುದು ಕನ್ನಡಕದ ಚಟ ಅಲ್ಲ, ಅಲ್ವಾ?

ಡೋಸ್ ಬಿಡುವುದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಂತರ ಜಾಸ್ತಿಯಾದರೆ ಪರಿಣಾಮ ಕುಗ್ಗಬಹುದು. ದೇಹ ಔಷಧವನ್ನೇ ಹೊರಗಿನ ವಸ್ತು ಎಂದು ಎದುರಿಸುವ ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಸಾಧ್ಯತೆಯೂ ಹೆಚ್ಚುತ್ತದೆ. ಕಡಿಮೆ ಮಾಡಬೇಕು ಅನ್ನುವ ಆಸೆ ತಪ್ಪಲ್ಲ. ಬಹಳ ಕಾಲ ಸ್ಥಿರವಾಗಿರುವವರಿಗೆ ಕೆಲವು ತಜ್ಞರು ಅಂತರ ಹೆಚ್ಚಿಸಿ ನೋಡುವುದುಂಟು. ಆದರೆ ಅದನ್ನು ವೈದ್ಯರ ಮುಂದೆ ಕೂತು ಕೇಳಬೇಕು. ಕದ್ದು ಬಿಟ್ಟರೆ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅನ್ನುವುದು ಅವರಿಗೂ ತಿಳಿಯುವುದಿಲ್ಲ.

ಕಣ್ಣಿನದು ಅದೇ ವಾರ ಹೇಳಲೇಬೇಕು ಎಂದೆ. ಈ ಔಷಧದಲ್ಲಿ ಕಣ್ಣಿನ ಉರಿಯೂತ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಬಹಳ ಸಲ ಇಂಜೆಕ್ಷನ್ ನಿಲ್ಲಿಸದೆ ಹನಿಮದ್ದಿನಲ್ಲೇ ಹತೋಟಿಗೆ ಬರುತ್ತದೆ. ಮುಚ್ಚಿಟ್ಟರೆ ಮಾತ್ರ ಕಷ್ಟ.

ರಾತ್ರಿ ತಪಾಸಣೆಗೆ ಬದಲಿಯೊಂದನ್ನು ಕೊಟ್ಟೆ. ಎಕ್ಸಿಮಾ ಎಷ್ಟಿದೆ ಎಂದು ರೋಗಿಯೇ ಅಳೆದುಕೊಳ್ಳುವ ಪೊಯೆಮ್ ಎಂಬ ಪ್ರಶ್ನಾವಳಿ ಇದೆ. ಕಳೆದ ಒಂದು ವಾರದ ಬಗ್ಗೆ 7 ಪ್ರಶ್ನೆ, ಅಂಕ 0ಯಿಂದ 28, ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಭಾನುವಾರ ಬೆಳಿಗ್ಗೆ ಮಾತ್ರ ಅದನ್ನು ತುಂಬಿ ಬರೆದಿಡಿ, ಉಳಿದ ದಿನ ಮೈ ಹುಡುಕಬೇಡಿ ಎಂದೆ. ಮೊದಲ ವಾರಗಳಲ್ಲಿ ಆಗಲಿಲ್ಲ. ಕೈ ತಾನಾಗೇ ಹೋಗುತ್ತಿತ್ತು. ಈಗ ಕಡಿಮೆಯಾಗಿದೆ.

ವೈದ್ಯರು ಕಣ್ಣಿಗೆ ಹನಿ ಕೊಟ್ಟರು, ಡೋಸ್ ಮತ್ತೆ ಎರಡು ವಾರಕ್ಕೊಮ್ಮೆ ಎಂದರು. ಅಂಕ ಹೀಗೇ ಕಡಿಮೆ ಇದ್ದರೆ ಅಂತರದ ಮಾತು ಆಡೋಣ ಎಂದೂ ಹೇಳಿದ್ದಾರಂತೆ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಅಭ್ಯಾಸದ ಪ್ರಶ್ನೆ ಅವರದ್ದು, ಉತ್ತರ ಅವರೇ ಕೇಳಿಸಿಕೊಳ್ಳಲಿ.