ತೋಟದಲ್ಲಿ ಮಂಗ ಸತ್ತಿದೆ. ಆರೋಗ್ಯ ಇಲಾಖೆಗೆ ಹೇಳಿದರೆ ರಗಳೆ ಅಲ್ವಾ, ನಾವೇ ಹೂತುಬಿಟ್ಟರೆ ಆಗದಾ?

ಆಗುವುದಿಲ್ಲ. ನಾನು ಹೂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಸಾಗರದ ಕಡೆ. ಆ ವರ್ಷ ಫೆಬ್ರವರಿಯಲ್ಲಿ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಅಡಿಕೆ ಕೆಲಸ ಇನ್ನೂ ಮುಗಿದಿರಲಿಲ್ಲ. ಇಲಾಖೆಯವರು ಬಂದರೆ ಆಳುಗಳು ಹೆದರಿ ಬರುವುದಿಲ್ಲ ಅಂದುಕೊಂಡು ಗುಂಡಿ ತೆಗೆದು, ಕೋಲಲ್ಲಿ ತಳ್ಳಿ ಮುಚ್ಚಿಬಿಟ್ಟೆ. ಮನೆಯಲ್ಲೂ ಹೇಳಲಿಲ್ಲ.

ತಪ್ಪಾಗಿದ್ದು ಅಲ್ಲೇ. ಮಂಗನ ಕಾಯಿಲೆಯಿಂದ ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದ ಹಾಗೇ, ಆ ರೋಗ ಹರಡುವ ಉಣುಗುಗಳು, ಅಂದರೆ ರಕ್ತ ಹೀರುವ ಸಣ್ಣ ಹುಳುಗಳು, ಇಳಿದು ಸುತ್ತಲಿನ ದರಗೆಲೆಗೆ ಸೇರುತ್ತವೆ, ಆಮೇಲೆ ಆ ದಾರಿಯಲ್ಲಿ ಯಾರು ಓಡಾಡಿದರೂ ಮೈಗೆ ಹತ್ತುತ್ತವೆ. ನಾನು ಹೂತಿದ್ದು ಮಂಗವನ್ನ, ಉಣುಗನ್ನಲ್ಲ. ಹೆಣ ಕಣ್ಣಿಗೆ ಬಿದ್ದಿದ್ದರೆ ಅಮ್ಮ ಆ ಕಡೆ ಹೋಗುತ್ತಲೇ ಇರಲಿಲ್ಲ. ನಾನು ಗುರುತೇ ಇಲ್ಲದ ಹಾಗೆ ಮಾಡಿದ್ದೆ. ಮಾರನೇ ವಾರ ಅವರು ಕೊಟ್ಟಿಗೆಗೆ ಹಾಸಲು ಅದೇ ಜಾಗದ ದರಗೆಲೆ ಗುಡಿಸಿ ತಂದರು.

ಆಮೇಲೆ ಚಳಿಜ್ವರ, ತಲೆನೋವು, ಸೊಂಟ ಎತ್ತಲಾಗದಷ್ಟು ನೋವು. ಪೇಟೆಯ ಡಾಕ್ಟರ ಹತ್ತಿರ ಎರಡು ಸಲ ಇಂಜೆಕ್ಷನ್ ಆಯಿತು, ಅಲ್ಲೂ ನಾನು ಮಂಗನ ಸುದ್ದಿ ಎತ್ತಲಿಲ್ಲ. ಐದನೇ ದಿನ ವಸಡಿನಲ್ಲಿ ರಕ್ತ ಬಂತು. ಪಿಎಚ್‌ಸಿಗೆ ಓಡಿದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ "ನಿಮ್ಮ ಹತ್ತಿರ ಮಂಗ ಸತ್ತಿದೆಯಾ?" ಅಂತ. ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಯಿತು, ಕೆಎಫ್‌ಡಿ, ಅಂದರೆ ಮಂಗನ ಕಾಯಿಲೆ, ಅಂತ ಬಂತು. ಅಮ್ಮ ಉಳಿದರು, ಆದರೆ ಎದ್ದು ಕೊಟ್ಟಿಗೆಗೆ ಹೋಗಲು ಮಳೆಗಾಲವೇ ಬರಬೇಕಾಯಿತು.

ಇಲಾಖೆಯ ಕೆಲಸ ಜ್ವರ ಬಂದ ಮೇಲೆ ಮಾತ್ರೆ ಕೊಡುವುದು ಅಂತ ನೀವು ಅಂದುಕೊಂಡ ಹಾಗಿದೆ. ಮಂಗನ ಕಾಯಿಲೆಯನ್ನೇ ಕೊಲ್ಲುವ ಔಷಧಿ ಇಲ್ಲ, ಹಳೆ ಲಸಿಕೆಯೂ 2022ರಲ್ಲಿ ನಿಂತಿತು. ಅವರಿಗೆ ಬೇಕಾಗಿರುವುದು ಮೊದಲೇ ಸಿಗುವ ಸುದ್ದಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾಗುವಾಗಲೂ ಮಂಗಗಳೇ ಸತ್ತು ಸುಳಿವು ಕೊಟ್ಟಿದ್ದವು. ನೀವು ಹೇಳಿದರೆ ಪಶುವೈದ್ಯರು ಸ್ಯಾಂಪಲ್ ತೆಗೆಯುತ್ತಾರೆ, ಹೆಣ ಸುಡಿಸುತ್ತಾರೆ, ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಿಸುತ್ತಾರೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಜ್ವರ ವಿಚಾರಿಸುತ್ತಾರೆ. ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ದುಡ್ಡಿಲ್ಲದೆ ಕೊಡುತ್ತಾರೆ. ಇದು ರಗಳೆ ಅಲ್ಲ.

ಮುಟ್ಟಬೇಡಿ. ನಿಮ್ಮೂರಿನ ಆಶಾ ಅಕ್ಕನಿಗೆ ಈಗಲೇ ಫೋನ್ ಮಾಡಿ, ಅವರು ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104. ಮತ್ತೆ, ದರಗೆಲೆಗೆ ಹೋಗುವುದು ಮನೆಯಲ್ಲಿ ಯಾರೋ ಅವರಿಗೆ ಆ ಜಾಗ ಯಾವುದು ಅಂತ ಇವತ್ತೇ ಹೇಳಿಬಿಡಿ.