ಆಟಿ ಮಳೆಯಲ್ಲಿ ಬಾಗಿಲಿಗೆ ಕೀಸುಳಿ ಬೇಡ

ಪ್ರಶ್ನೆ: ಕಾಪುವಿನಲ್ಲಿ ಸಮುದ್ರಕ್ಕೆ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಬಾಗಿಲು ಪಡುವಣಕ್ಕೆ. ಲಂಡನ್ನಿನಲ್ಲಿ ಮಗಳ ಮನೆಯ ಓಕ್ ಮರದ ಗಾಜಿನ ಬಾಗಿಲು ನೋಡಿದ ಮೇಲೆ ನಮ್ಮವರಿಗೆ ಅದೇ ಬೇಕಂತೆ, ಅದೂ ಎರಡು ಪದರ ಗಾಜಿನದು. ಆಚಾರಿಯವರು ‘ಹಲಸು, ಸಾಗುವಾನಿ ಇರುವಾಗ ಅದ್ಯಾಕೆ?’ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಕಾಪು

ಉತ್ತರ: ಅಮ್ಮಾ, ಆಚಾರಿಯವರ ಮಾತಿನಲ್ಲಿ ಅರ್ಥ ಇದೆ. ಓಕ್ ಗಟ್ಟಿ ಮರ, ನೋಡಲೂ ಚೆಂದ. ಆದರೆ ತೇವ ಹಿಡಿದರೆ ಸಾಗುವಾನಿಗಿಂತ ಹೆಚ್ಚುಕಡಿಮೆ ಇಮ್ಮಡಿ ಉಬ್ಬುತ್ತದೆ. ಒಣಗಿಸಿ ತಂದಾಗ ಅದರ ತೇವಾಂಶ ಶೇಕಡಾ 8ರಿಂದ 12. ನಮ್ಮ ಮಳೆಗಾಲದ ಗಾಳಿಗೆ ಅದು 18ರ ಹತ್ತಿರ ಹೋಗುತ್ತದೆ. ಗಾಜಿನ ಬಾಗಿಲಿಗೆ ಒಂದು ಅನುಕೂಲ ಉಂಟು. ಮರ ಉಬ್ಬುವುದು ಅಗಲಕ್ಕೆ, ಉದ್ದಕ್ಕಲ್ಲ. ಇಡೀ ಹಲಗೆಯ ಬಾಗಿಲಾದರೆ ಮೂರಡಿ ಅಗಲದ ಮರವೆಲ್ಲ ಉಬ್ಬುತ್ತದೆ, ಗಾಜು ಕೂರಿಸಿದರೆ ಎರಡು ಬದಿಯ ಪಟ್ಟಿ ಮಾತ್ರ. ಹಾಗಾಗಿ ನಿಮ್ಮವರ ಆಸೆ ಆಗದ್ದೇನಲ್ಲ.

ಆದರೆ ಮರಕ್ಕೆ ಮೊದಲು ಮಾಡು, ಅಂದರೆ ಸೂರು, ನೋಡಿ. ಪಡುಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ. ನಮ್ಮ ಹಳೆ ಹಂಚಿನ ಮನೆಗಳಲ್ಲಿ ಮಾಡು ತಲೆ ತಾಗುವಷ್ಟು ಕೆಳಗೆ ಇಳಿದು, ಜಗಲಿ ದಾಟಿ ಒಳಗೆ ಬಾಗಿಲು ಇರುತ್ತಿತ್ತು ಅಲ್ವಾ? ಬಾಗಿಲು ಚಂಡಿಯೇ ಆಗುತ್ತಿರಲಿಲ್ಲ. ಎದುರಿಗೆ ಐದಡಿಯಾದರೂ ಮಾಡು ಇಲ್ಲದಿದ್ದರೆ ಪಡುವಣದ ಬಾಗಿಲಿಗೆ ಓಕ್ ಹಾಕಲು ನಾನಂತೂ ಒಪ್ಪುವುದಿಲ್ಲ. ಆ ಹಣ ಮಾಡಿಗೆ ಹಾಕಿ, ಸಾಗುವಾನಿ ಇಡಿ.

ಮಾಡು ಇದೆಯೆಂದಾದರೆ ಬಿಳಿ ಓಕ್ ಕೇಳಿ. ಕೆಂಪು ಓಕ್ ಹೊರಬಾಗಿಲಿಗೆ ಆಗದು. ಅಂಗಡಿಯಲ್ಲಿ ಗೇಣುದ್ದದ ಸಣ್ಣ ತುಂಡು ಕೇಳಿ ತೆಗೆದುಕೊಳ್ಳಿ. ಒಂದು ತುದಿ ಲೋಟದ ನೀರಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಜೋರಾಗಿ ಊದಿ. ಕೆಂಪು ಓಕ್ ಆದರೆ ಗುಳ್ಳೆ ಏಳುತ್ತದೆ. ಅದರ ನಾಳಗಳು ಹುಲ್ಲಿನ ಕೊಳವೆಯ ಹಾಗೆ ತೆರೆದಿರುತ್ತವೆ. ಬಿಳಿ ಓಕ್‌ನಲ್ಲಿ ಅವು ಮುಚ್ಚಿಕೊಂಡಿರುತ್ತವೆ. ಗಾಳಿ ಹೋಗದ ದಾರಿಯಲ್ಲಿ ನೀರೂ ಹೋಗುವುದಿಲ್ಲ.

ಇನ್ನು ಎರಡು ಪದರದ ಗಾಜು. ಅದು ಅಲ್ಲಿನ ಚಳಿಗೆ, ಒಳಗಿನ ಬಿಸಿ ಹೊರಗೆ ಹೋಗದಿರಲು. ಎಸಿ ಇಲ್ಲದ ನಿಮ್ಮ ಚಾವಡಿಗೆ ಸುಮ್ನೆ ಖರ್ಚು. ಅಂಚಿನ ಅಂಟು ಬಿಟ್ಟರೆ ಒಳಗೆ ಮಂಜು ಕಟ್ಟುತ್ತದೆ, ಆ ಗಾಜನ್ನೇ ಬದಲಿಸಬೇಕು. ಲ್ಯಾಮಿನೇಟೆಡ್ ಗಾಜು ಸಾಕು. ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಮಕ್ಕಳಿರುವ ಮನೆಗೆ ಅದೇ ಒಳ್ಳೆಯದು. ಗಾಜು ಮರಕ್ಕೆ ನೇರ ತಾಗಬಾರದು. ಕೆಳಗೆ ಎರಡು ರಬ್ಬರ್ ತುಂಡಿನ ಮೇಲೆ ಕೂರಿಸಿ, ನೀರು ಹೊರಗೆ ಹೋಗಲು ಸಣ್ಣ ತೂತು ಬಿಡಲು ಹೇಳಿ. ಗಾಜಿನ ಅಂಚಿಗೆ ಸಿಲಿಕಾನ್ ಅಂಟು ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದು ಆಮ್ಲ ಬಿಡುವ ಬಗೆ, ನಿಲ್ಲಿಸಿ, ನ್ಯೂಟ್ರಲ್ ಸಿಲಿಕಾನ್ ತರಿಸಿ.

ಪ್ರಶ್ನೆ: ಹೋದ ವರ್ಷ ಓಕ್ ಬಾಗಿಲು ಹಾಕಿಸಿದೆವು. ಈಗ ಹಿಂಜ್‌ನ ಸ್ಕ್ರೂ ಸುತ್ತ ಕಪ್ಪು ಕಲೆ. ಈ ಮಳೆಗೆ ಬಾಗಿಲು ದಾರಂದಕ್ಕೆ ಕಚ್ಚುತ್ತಿದೆ. ಕೀಸುಳಿ ಹಾಕಿಸಲೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಬೇಡ, ದಯವಿಟ್ಟು ಬೇಡ. ಆಟಿಯಲ್ಲಿ ಕೆತ್ತಿದ ಬಾಗಿಲು ಜನವರಿಯಲ್ಲಿ ಒಣಗಿದಾಗ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಕೆತ್ತಿದ ಜಾಗದಲ್ಲಿ ಪಾಲಿಶ್ ಇರುವುದಿಲ್ಲ, ಮರುವರ್ಷ ಇನ್ನೂ ಜಾಸ್ತಿ ನೀರು ಕುಡಿಯುತ್ತದೆ. ಈಗ ಹಿಂಜ್‌ನ ಸ್ಕ್ರೂ ಬಿಗಿ ಮಾಡಿ, ಕಚ್ಚುವಲ್ಲಿ ಒಣ ಮೇಣ ಉಜ್ಜಿ, ಮಳೆಗಾಲ ಕಳೆಯಿರಿ.

ಕಲೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಹೊಸತರಲ್ಲಿ ಮಲ್ಪೆಯ ಒಂದು ಮನೆಗೆ ಓಕ್ ಬಾಗಿಲು ಮಾಡಿ ಕಬ್ಬಿಣದ ಸ್ಕ್ರೂ ಹಾಕಿದ್ದೆ. ಒಂದೇ ಮಳೆಗೆ ಒಂದೊಂದು ಸ್ಕ್ರೂ ಸುತ್ತಲೂ ಶಾಯಿ ಚೆಲ್ಲಿದ ಹಾಗೆ ಕಪ್ಪು. ಆ ಮನೆಯ ಅಮ್ಮ ಒಂದು ಮಾತೂ ಬೈಯಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು. ಓಕ್‌ನಲ್ಲಿ ಚೊಗರು ತುಂಬಾ. ಮಕ್ಕಳಿಗೆ ತೇದು ಕೊಡುವ ಮಾಚಿಕಾಯಿ ಕೂಡ ಒಂದು ಜಾತಿಯ ಓಕ್ ಮರದ ಗಂಟೇ. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿ ಕಪ್ಪಾಗುವುದಿಲ್ವಾ, ಹಾಗೇ ಇದೂ. ಚೊಗರು, ಕಬ್ಬಿಣ, ನೀರು ಮೂರೂ ಸೇರಿದರೆ ಕಪ್ಪು.

ಡಿಸೆಂಬರ್ ಬರಲಿ. ಸ್ಕ್ರೂ, ಹಿಂಜ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿ. ಕಲೆಯ ಜಾಗದ ಪಾಲಿಶ್ ತೆಗೆದು, ಆಕ್ಸಾಲಿಕ್ ಆಸಿಡ್ ನೀರಲ್ಲಿ ಕರಗಿಸಿ ಹಚ್ಚಿದರೆ ಕಪ್ಪು ಬಿಡುತ್ತದೆ. ಅದು ವಿಷ. ಕೈಗವಸು, ಕನ್ನಡಕ ಹಾಕಿ, ಮಕ್ಕಳನ್ನು ದೂರ ಇಡಿ. ಆಮೇಲೆ ಒಳ್ಳೆ ನೀರಲ್ಲಿ ಎರಡು ಸಲ ಒರೆಸಿ, ಪೂರ್ತಿ ಒಣಗಲು ಬಿಡಿ. ಉಜ್ಜಲು ಸ್ಟೀಲ್ ವುಲ್ ಬೇಡ, ಅದರ ಎಳೆ ಉಳಿದರೆ ಮತ್ತೆ ಕಪ್ಪು ಚುಕ್ಕೆ. ಸ್ಯಾಂಡ್ ಪೇಪರ್ ಸಾಕು.

ಇವತ್ತೇ ಒಂದು ಕೆಲಸ ಮಾಡಿ. ಕೈಗನ್ನಡಿಯನ್ನು ಬಾಗಿಲ ಕೆಳಗೆ ತೂರಿಸಿ ಅಡಿಯಂಚು ನೋಡಿ. ಅಲ್ಲಿ ಪಾಲಿಶ್ ಇಲ್ಲದ ಬರೀ ಮರ ಕಂಡರೆ, ನೀರು ಏರುತ್ತಿರುವುದು ಅಲ್ಲಿಂದಲೇ. ಡಿಸೆಂಬರಿನಲ್ಲಿ ಇಬ್ಬರು ಹಿಡಿದು ಬಾಗಿಲು ಬಿಚ್ಚಿ ಮಲಗಿಸಿ, ಮೇಲಂಚು, ಅಡಿಯಂಚಿಗೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೈ ಹೊಡೆಸಿ. ಆಗಲೂ ಬಾಗಿಲು ಕಚ್ಚುತ್ತಿದ್ದರೆ ಮಾತ್ರ, ಪಾಲಿಶಿಗೆ ಮುಂಚೆ, ಕೀಸುಳಿ ಹಾಕಿಸಿ.